ಕಾಫಿ ವ್ಯಾಪಾರದ ಲೆಕ್ಕವನ್ನು ಹಳೇ ಇಆರ್‌ಪಿಯಿಂದ ಕ್ಲೌಡ್‌ಗೆ ಸಾಗಿಸುವ ಬಗೆ

ಕುಶಾಲನಗರ, ಸಿದ್ದಾಪುರ, ಗೋಣಿಕೊಪ್ಪ ಕಡೆ ಕಾಫಿ, ಮೆಣಸು ಕೊಳ್ಳುವ ಎಷ್ಟೋ ಕಡೆ ಇನ್ನೂ ಯಾವ ಕಾಲದಲ್ಲೋ ಬರೆಸಿದ ಇಆರ್‌ಪಿಯೇ (ಖರೀದಿ, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಓಡುತ್ತಿದೆ. ಬರೆದುಕೊಟ್ಟವರು ಈಗ ಫೋನ್ ಎತ್ತುವುದಿಲ್ಲ. ಅದು ಕೂತಿರುವ ಕಂಪ್ಯೂಟರಿನಲ್ಲಿ ವಿಂಡೋಸ್ 7, ಅದಕ್ಕೆ 2020ರ ಜನವರಿಯಲ್ಲೇ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದೆ. ಓಡ್ತಾ ಇದೆಯಲ್ಲ ಬಿಡಿ ಅನ್ನಬಹುದು. ಆದರೆ ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, 2023ರ ಏಪ್ರಿಲ್ 1ರಿಂದ ಯಾರು ಯಾವಾಗ ಯಾವ ವೋಚರ್ (ಒಂದೊಂದು ವ್ಯವಹಾರದ ಎಂಟ್ರಿ) ತಿದ್ದಿದರು ಅನ್ನುವುದನ್ನು ತಾನೇ ದಾಖಲಿಸುವ ಸಾಫ್ಟ್‌ವೇರೇ ಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಬಾರದು. ಹಳೇದರಲ್ಲಿ ಇದನ್ನು ಸೇರಿಸುವವರು ಯಾರು?

ಮೊದಲು ದಿನಾಂಕ ಗೊತ್ತು ಮಾಡಿ, ಸಾಫ್ಟ್‌ವೇರ್ ಆಮೇಲೆ. ಆಡಿಟರ್ ಏಪ್ರಿಲ್ 1 ಅನ್ನುತ್ತಾರೆ, ಅವರಿಗೆ ಅದು ಸುಲಭ. ಆದರೆ ಆಗ ರೊಬಸ್ಟಾ ಕೊಯ್ಲು ಈಗಷ್ಟೇ ಮುಗಿದು ಗೋದಾಮು ತುಂಬಿರುತ್ತದೆ, ಬೆಳೆಗಾರರು ತಂದಿಟ್ಟು ಇನ್ನೂ ರೇಟ್ ಫಿಕ್ಸ್ ಮಾಡದ ಚೀಲಗಳೇ ಜಾಸ್ತಿ, ಅಷ್ಟನ್ನೂ ಎಣಿಸಿ ಹೊಂದಿಸಬೇಕು. ನವೆಂಬರಿನಿಂದ ಮಾರ್ಚ್‌ವರೆಗಂತೂ ಮಾತೇ ಬೇಡ. ನಾನು ಹೇಳುವುದು ಅಕ್ಟೋಬರ್ 1. ಮಳೆಗಾಲದಲ್ಲಿ ಕೂತು ತಯಾರಿ, ಸೆಪ್ಟೆಂಬರಿನಲ್ಲಿ ಹಳೇದು, ಹೊಸದು ಎರಡರಲ್ಲೂ ಎಂಟ್ರಿ, ಅರೇಬಿಕಾ ಬರುವ ಮುಂಚೆ ಬದಲಾವಣೆ. ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗಿನ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿ) ಹೊಸದಕ್ಕೆ ಹಾಕಿಕೊಂಡರೆ ಆಡಿಟರಿಗೂ ತಕರಾರಿರುವುದಿಲ್ಲ.

ಇನ್ನು ನೆಟ್ ಮೂಲಕ ಬ್ರೌಸರಿನಲ್ಲೇ ಓಡುವ ಈ ಕ್ಲೌಡ್ ಸಾಫ್ಟ್‌ವೇರುಗಳಲ್ಲಿ ಯಾವುದನ್ನು ಕೊಳ್ಳುವುದು? ಇಆರ್‌ಪಿನೆಕ್ಸ್ಟ್, ಒಡೂ, ಜೋಹೋ, ಯಾವುದೇ ಇರಲಿ, ಡೆಮೋದಲ್ಲಿ ಎಲ್ಲವೂ ಚಂದವೇ. ಗ್ರಾಫ್ ನೋಡಿ ಮುಗಿದ ಮೇಲೆ ನಿಮ್ಮ ಅಂಗಡಿಯ ಒಂದು ನಿಜವಾದ ವ್ಯವಹಾರ ಅವರ ಮುಂದಿಡಿ. ಬೆಳೆಗಾರರೊಬ್ಬರು 40 ಚೀಲ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ತಂದರು, ತೇವಾಂಶ, ಓಟಿ (ಔಟ್‌ಟರ್ನ್, ಅಂದರೆ ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಬರೆದುಕೊಂಡಿರಿ, ರೇಟ್ ಫಿಕ್ಸ್ ಮಾಡಲಿಲ್ಲ, 50 ಸಾವಿರ ಅಡ್ವಾನ್ಸ್ ಒಯ್ದರು, ಜೊತೆಗೆ ಖಾಲಿ ಗೋಣಿಚೀಲವೂ ಹೋಯಿತು, ಎರಡು ತಿಂಗಳಾದ ಮೇಲೆ ರೇಟ್ ಏರಿತೆಂದು 15 ಚೀಲಕ್ಕೆ ಮಾತ್ರ ಫಿಕ್ಸ್ ಮಾಡಿದರು. ಈಗ ಉಳಿದ 25 ಚೀಲ ಯಾರದು, ಅಡ್ವಾನ್ಸ್ ಎಷ್ಟು ಮುರಿದುಕೊಂಡಿತು, ಗೋಣಿಚೀಲ ಎಷ್ಟು ವಾಪಸ್ ಬರಬೇಕು, ಇಷ್ಟನ್ನೂ ಸ್ಕ್ರೀನಿನಲ್ಲಿ ತೋರಿಸಿ ಅನ್ನಿ. ಅಲ್ಲೇ ಅರ್ಧ ಜನ ತಡವರಿಸುತ್ತಾರೆ. ಸಾಮಾನ್ಯ ಇಆರ್‌ಪಿ ಗೋದಾಮಿಗೆ ಬಂದದ್ದೆಲ್ಲ ನಿಮ್ಮದೇ ಅಂದುಕೊಂಡು ಅದಕ್ಕೊಂದು ಬೆಲೆ ಕಟ್ಟಿಬಿಡುತ್ತದೆ. ಬೆಳೆಗಾರರು ನಿಮ್ಮಲ್ಲಿ ಇಟ್ಟಿರುವ ಕಾಫಿಗೆ ಬೇರೆ ಗೋದಾಮು ತೆರೆದು, ಬೆಲೆ ಸೊನ್ನೆ ಇಟ್ಟು, ಫಿಕ್ಸ್ ಆದ ದಿನ ಅಷ್ಟೇ ಚೀಲ ನಿಮ್ಮ ಸ್ಟಾಕಿಗೆ ಬರುವ ಹಾಗೆ ಮಾಡಿಸಿ. ಇಲ್ಲದಿದ್ದರೆ ವರ್ಷದ ಕೊನೆಗೆ ನಿಮ್ಮದಲ್ಲದ ಮಾಲು ನಿಮ್ಮ ಆಸ್ತಿಯಾಗಿ ಬ್ಯಾಲೆನ್ಸ್ ಶೀಟಿನಲ್ಲಿ ಕೂತಿರುತ್ತದೆ.

ಹಾಗೇ ತೆರಿಗೆಯನ್ನೂ ನೋಡಿ. ಹುರಿಯದ ಕಾಫಿ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದರೆ 5%, ಒಣ ಮೆಣಸಿಗೂ 5%. ಒಂದೇ ಅಂಗಡಿಯಲ್ಲಿ ಮೂರೂ ಇರುತ್ತವೆ, ಐಟಂ ಮಾಸ್ಟರಿನಲ್ಲಿ (ಸರಕುಗಳ ಮೂಲ ಪಟ್ಟಿ) ಒಂದು ತಪ್ಪಿದರೆ ಬಿಲ್ಲುಗಳೆಲ್ಲ ತಪ್ಪು.

ಈಗ ಡೇಟಾ. ನಿಜವಾದ ಕೆಲಸ ಇದೇ, ಹಾಗಾಗಿ ಇದಕ್ಕೆ ಸಮಯ ಕೊಡಿ. ಎಲ್ಲವನ್ನೂ ಸಾಗಿಸಬೇಕು ಅನ್ನುವ ಆಸೆ ಬಿಡಿ. ಹೊಸದಕ್ಕೆ ಬೇಕಾಗಿರುವುದು ಬೆಳೆಗಾರರ ಪಟ್ಟಿ, ಅವರವರ ಬಾಕಿ, ಅಡ್ವಾನ್ಸ್, ಫಿಕ್ಸ್ ಆಗದ ಚೀಲ, ಗೋಣಿಚೀಲದ ಲೆಕ್ಕ, ಸ್ಟಾಕ್, ಬ್ಯಾಂಕ್ ಶಿಲ್ಕು, ಟ್ರಯಲ್ ಬ್ಯಾಲೆನ್ಸ್. ಹತ್ತು ವರ್ಷದ ಹಳೇ ವೋಚರ್ ತುಂಬಿಸಲು ಹೋದರೆ ಹಳೇ ಕೊಳೆಯೂ ಜೊತೆಗೆ ಬರುತ್ತದೆ, ಬಿಲ್ಲೂ ಏರುತ್ತದೆ.

ಹಳೇದು ಫಾಕ್ಸ್‌ಪ್ರೊ ಅನ್ನುವ ಹಳೇ ಡೇಟಾಬೇಸಿನಲ್ಲಿದ್ದರೆ ಹೆದರಬೇಡಿ, ಆ ಡಿಬಿಎಫ್ ಫೈಲುಗಳ ಒಂದು ಕಾಪಿಯನ್ನು ಎಕ್ಸೆಲ್ ಥರದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನೇರವಾಗಿ ತೆರೆಯಬಹುದು. ಹೆಸರುಗಳನ್ನು ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಹೊಸದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಮೊದಲು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರೂ ಓದಬಲ್ಲ ಅಕ್ಷರ ವ್ಯವಸ್ಥೆ) ಬದಲಾಯಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಲ್ಲೇ ಒಮ್ಮೆ ನೋಡಿ. ಬ್ಯಾಂಕ್ ಖಾತೆ ಸಂಖ್ಯೆಗಳ ಬಗ್ಗೆ ತುಂಬಾ ಹುಷಾರು. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ, 16ನೇ ಅಂಕಿಯನ್ನು ಸೊನ್ನೆ ಮಾಡುತ್ತದೆ, ಶುರುವಿನ ಸೊನ್ನೆಯನ್ನೂ ಅಳಿಸಿಬಿಡಬಹುದು. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಪಟ್ಟಿ) ಫೈಲಿನ ಮೇಲೆ ಸುಮ್ನೆ ಡಬಲ್ ಕ್ಲಿಕ್ ಮಾಡಬೇಡಿ, ಆ ಕಾಲಂ ಟೆಕ್ಸ್ಟ್ ಅಂತ ಹೇಳಿಯೇ ಒಳಗೆ ತನ್ನಿ. ದಿನಾಂಕವೂ ಅಷ್ಟೇ, 03/04 ಅನ್ನುವುದು ಏಪ್ರಿಲ್ 3 ಇದ್ದದ್ದು ಮಾರ್ಚ್ 4 ಆಗಿಬಿಡಬಹುದು.

ಹೆಸರು ಎರಡು ಸಲ ಇರುವುದು ನಮ್ಮಲ್ಲಿ ಬೇರೆಯೇ ತಲೆನೋವು. ಒಂದೇ ಮನೆಹೆಸರಿನಲ್ಲಿ ಮೂವರು ಬೋಪಣ್ಣ ಇರುತ್ತಾರೆ, ಇನ್ನೊಂದು ಕಡೆ ಒಬ್ಬರೇ ಮೂರು ಸ್ಪೆಲ್ಲಿಂಗಿನಲ್ಲಿ ಮೂರು ಖಾತೆ ಆಗಿರುತ್ತಾರೆ. ಹೆಸರು ನೋಡಿ ಒಂದು ಮಾಡಬೇಡಿ. ಫೋನ್ ನಂಬರ್, ಬ್ಯಾಂಕ್ ಖಾತೆ ಎರಡೂ ಹೊಂದಿದರೆ ಮಾತ್ರ ಒಂದು ಮಾಡಿ. ಅನುಮಾನ ಬಂದದ್ದನ್ನು ವರ್ಷಗಳಿಂದ ಲೆಕ್ಕ ಬರೆಯುತ್ತಿರುವವರ ಪಕ್ಕ ಕೂತು ಬಗೆಹರಿಸಿ. ಯಾವ ಬೋಪಣ್ಣ ಯಾವ ತೋಟದವರು ಅಂತ ಗೊತ್ತಿರುವುದು ಅವರಿಗೇ. ಬಾಕಿ ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಬೆಳೆಗಾರರಿಗೂ ಅವರ ಚೀಲ, ಬಾಕಿ ವಾಟ್ಸಾಪ್ ಮಾಡಿ ಸರಿ ಇದೆಯಾ ಅಂತ ಕೇಳಿ. ಜಗಳ ಬರುವುದಿದ್ದರೆ ಬದಲಾವಣೆಗೆ ಮುಂಚೆಯೇ ಬರಲಿ.

ನೆಟ್ ಬಗ್ಗೆ ನಾನು ಹೇಳಬೇಕಾಗಿಲ್ಲ, ಜುಲೈ ಗಾಳಿಗೆ ಮರ ಬಿದ್ದರೆ ಕರೆಂಟು, ಫೈಬರ್ ಎರಡೂ ಹೋಗುತ್ತವೆ. ಫೈಬರ್ ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕಿದ ರೂಟರ್ ಇರಲಿ, ಎರಡಕ್ಕೂ ಯುಪಿಎಸ್ ಇರಲಿ. ಎರಡೂ ಸತ್ತ ದಿನಕ್ಕೆ ನಂಬರ್ ಹಾಕಿದ ರಸೀದಿ ಪುಸ್ತಕ ಮೇಜಿನ ಮೇಲಿರಲಿ, ನೆಟ್ ಬಂದ ಮೇಲೆ ಅದೇ ನಂಬರಿನಲ್ಲಿ ಎಂಟ್ರಿ ಆಗಲಿ. ಲಾಗಿನ್‌ಗೆ ಎಸ್‌ಎಂಎಸ್ ಓಟಿಪಿ ಬೇಡ. ಫೋನಿನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಸಿ, ಅದಕ್ಕೆ ಸಿಗ್ನಲ್ಲೇ ಬೇಕಿಲ್ಲ. ತೂಕದ ಯಂತ್ರದಿಂದ ಸೀರಿಯಲ್ ಕೇಬಲ್‌ನಲ್ಲಿ ಬರುವ ತೂಕವನ್ನು ಬ್ರೌಸರಿಗೆ ತಲುಪಿಸಲು ಸಾಮಾನ್ಯವಾಗಿ ಅಲ್ಲೇ ಒಂದು ಸಣ್ಣ ಪ್ರೋಗ್ರಾಂ ಬೇಕು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಂತೂ ಬ್ರೌಸರಿನಿಂದ ತುಂಬಾ ನಿಧಾನ. ಇವೆರಡಕ್ಕೂ ಎಷ್ಟಾಗುತ್ತದೆ ಅನ್ನುವುದನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ನಾಳೆ ಅವರನ್ನು ಬಿಟ್ಟುಹೋಗುವುದಾದರೆ ಪೂರ್ತಿ ಡೇಟಾ ಯಾವ ರೂಪದಲ್ಲಿ ಕೊಡುತ್ತಾರೆ ಅನ್ನುವುದನ್ನೂ.

ಸೆಪ್ಟೆಂಬರ್ ತಿಂಗಳು ದಿನವೂ ಸಂಜೆ ಮೂರು ಅಂಕಿ ಹೋಲಿಸಿ: ಕ್ಯಾಶ್, ಒಟ್ಟು ಚೀಲ, ಬೆಳೆಗಾರರ ಒಟ್ಟು ಬಾಕಿ. ವ್ಯತ್ಯಾಸ ಬಂದರೆ ಆವತ್ತೇ ಹುಡುಕಿ, ನಾಳೆಗೆ ಇಟ್ಟರೆ ಎರಡು ದಿನದ್ದು ಕಲಸಿಹೋಗುತ್ತದೆ. ಕೊನೆಯ ವಾರ ಪೂರ್ತಿ ತಾಳೆಯಾದರೆ ಅಕ್ಟೋಬರ್ 1ರಿಂದ ಹಳೇದರಲ್ಲಿ ಎಂಟ್ರಿ ಬಂದ್. ಆಗದಿದ್ದರೆ ಬದಲಾಯಿಸಬೇಡಿ, ಸುಗ್ಗಿ ಮುಗಿಯುವವರೆಗೆ ಹಳೇದರಲ್ಲೇ ಇರಿ.

ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಡಿ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು, ಕಂಪನಿ ಲೆಕ್ಕವನ್ನು 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು. ಲೆಡ್ಜರುಗಳನ್ನೆಲ್ಲ ಪಿಡಿಎಫ್ ಮಾಡಿ, ಡೇಟಾವನ್ನು ಎರಡು ಡಿಸ್ಕಿಗೆ ಹಾಕಿ, ಒಂದನ್ನು ಮನೆಯಲ್ಲಿಡಿ. ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತು, ಎಂಟ್ರಿ ಮಾಡುವ ಪಾಸ್‌ವರ್ಡ್ ಬದಲಾಯಿಸಿ, ನೋಡುವುದಕ್ಕೆ ಮಾತ್ರ ಬಿಡಿ.