30×40 ಸೈಟಿನ ಮೂಲೆಗಳು ನಿಜವಾಗಲೂ 90 ಡಿಗ್ರಿ ಇವೆಯಾ? ಪಾಯ ಗುರುತು ಹಾಕಿದ ನನ್ನ ಅನುಭವ

ಮೈಸೂರಿನಲ್ಲಿ ನಮ್ಮದೊಂದು 30×40 ಸೈಟು. ಪಾಯ ತೆಗೆಯುವ ಹಿಂದಿನ ದಿನ ನಾನೇ ಟೇಪು ಹಿಡಿದು ಅಳೆದೆ. ಮುಂದೆ 30, ಹಿಂದೆ 30, ಎರಡೂ ಪಕ್ಕ 40. ಸರಿಯಾಗಿದೆ ಅಂತ ಟೀ ಕುಡಿಯಲು ಹೋದೆ. ಅಲ್ಲಿ ಮೇಜಿನ ಮೇಲೆ ಬೆಂಕಿಪೊಟ್ಟಣ ಇತ್ತು. ಒಳಗಿನ ಡಬ್ಬಿ ತೆಗೆದು ಹೊರಗಿನ ಕವಚವನ್ನು ಸುಮ್ನೆ ಒತ್ತಿದೆ, ಓರೆಯಾಯಿತು. ಬದಿಗಳ ಉದ್ದ ಮಾತ್ರ ಅಷ್ಟೇ ಇತ್ತು! ಅಂದರೆ ನಾನು ನಾಲ್ಕು ಬದಿ ಅಳೆದಿದ್ದೆ, ಮೂಲೆಗಳನ್ನು ಅಳೆದೇ ಇರಲಿಲ್ಲ.

ವಾಪಸ್ ಬಂದು ಮೂಲೆಯಿಂದ ಮೂಲೆಗೆ ಟೇಪು ಎಳೆದೆವು. 30, 40ಕ್ಕೆ ಕರ್ಣ ಸರಿಯಾಗಿ 50 ಬರಬೇಕು. 30ರ ವರ್ಗ 900ಕ್ಕೆ 40ರ ವರ್ಗ 1600 ಸೇರಿದರೆ 2500, ಅದು 50ರ ವರ್ಗ, ಅಷ್ಟೇ ಲೆಕ್ಕ. ನಮಗೆ ಒಂದು ಕಡೆ 50 ಅಡಿ 6 ಇಂಚು, ಇನ್ನೊಂದು ಕಡೆ 49 ಅಡಿ 6 ಇಂಚು ಬಂತು. ಮುಂದಿನ ಎರಡು ಮೂಲೆಗಳಲ್ಲಿ ಒಂದು ಸುಮಾರು 91.2 ಡಿಗ್ರಿ, ಇನ್ನೊಂದು 88.8. ಒಂಬತ್ತನೇ ಕ್ಲಾಸಿನಲ್ಲಿ ಉರು ಹೊಡೆದಿದ್ದು ನೆನಪಾಯಿತು: ಸಮಾಂತರ ರೇಖೆಗಳನ್ನು ಛೇದಕ ಕಡಿದರೆ ಒಂದೇ ಬದಿಯ ಒಳಕೋನಗಳು ಸೇರಿ 180. ಎರಡು ಪಕ್ಕದ ಗಡಿ ಸಮಾಂತರ, ರಸ್ತೆ ಕಡೆಯ ಗೆರೆಯೇ ಛೇದಕ. 90ಕ್ಕೂ ಇದಕ್ಕೂ ವ್ಯತ್ಯಾಸ ಒಂದೂಕಾಲು ಡಿಗ್ರಿಯೂ ಇಲ್ಲವಲ್ಲ ಅನ್ನಿಸಬಹುದು, ಆದರೆ 40 ಅಡಿ ಹಿಂದೆ ಹೋಗುವಷ್ಟರಲ್ಲಿ ಅದು ಹತ್ತು ಇಂಚು.

ಸೈಟು ಓರೆ ಇದ್ದರೆ ಇರಲಿ, ಮನೆ ನೆಟ್ಟಗಿರಲಿ ಅಂತ ತೀರ್ಮಾನಿಸಿದೆ. ಗಡಿಯ ಹಾಗೆ ಗೋಡೆಯೂ ಓರೆಯಾದರೆ ಟೈಲ್ಸ್ ಹಾಕುವಾಗ ಪ್ರತಿ ರೂಮಿನಲ್ಲೂ ಒಂದು ಬದಿ ಕತ್ತರಿಸುತ್ತಾ ಕೂರಬೇಕು.

ಮನೆ 24×32. ಮೇಸ್ತ್ರಿ ಮೂಲೆಮಟ್ಟ (90 ಡಿಗ್ರಿ ನೋಡುವ L ಆಕಾರದ ಪಟ್ಟಿ) ಇಟ್ಟು ದಾರ ಕಟ್ಟಿದರು. ನಾನು ಕರ್ಣ ಅಳೆಯೋಣ ಅಂದಾಗ, "ಸಾರ್, ಇಪ್ಪತ್ತು ವರ್ಷದಿಂದ ಇದರಲ್ಲೇ ಇಡ್ತಿದೀನಿ" ಅಂದರು. ಬೇಜಾರಾಗಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಅಳೆದೆವು. ಎರಡೂ ಕಡೆ 40 ಅಡಿ ಬರಬೇಕಿತ್ತು, ಒಂದು ಕಡೆ ಒಂದೂವರೆ ಇಂಚು ಜಾಸ್ತಿ, ಇನ್ನೊಂದು ಕಡೆ ಅಷ್ಟೇ ಕಮ್ಮಿ. ತಪ್ಪು ಅವರ ಕೈಯದಲ್ಲ. ಒಂದೂವರೆ ಅಡಿಯ ಮೂಲೆಮಟ್ಟದಲ್ಲಿ ಇಂಚಿನ ಎಂಟನೇ ಒಂದು ಪಾಲು ತಪ್ಪಿದರೂ 32 ಅಡಿಯಲ್ಲಿ ಅದು ಎರಡೂವರೆ ಇಂಚು ದಾಟುತ್ತದೆ.

ಆಮೇಲೆ ಹೀಗೆ ಮಾಡಿದೆವು. ಮುಂದಿನ ಗೆರೆಯ ಎರಡು ಗೂಟ ಮುಟ್ಟಲಿಲ್ಲ. ಮೂಲೆ ಗೂಟದ ಮೊಳೆಯಿಂದ ಮುಂದಿನ ದಾರದ ಮೇಲೆ 9 ಅಡಿಗೆ ಗುರುತು, ಪಕ್ಕದ ದಾರದ ಮೇಲೆ 12 ಅಡಿಗೆ ಗುರುತು, ಆ ಎರಡು ಗುರುತುಗಳ ನಡುವೆ ಸರಿಯಾಗಿ 15 ಬರುವ ತನಕ ಪಕ್ಕದ ದಾರವನ್ನು ಸರಿಸಿದೆವು. ಇದೇ ಲೆಕ್ಕದ 3-4-5 ಅಡಿ ತ್ರಿಕೋನವೂ ಸಾಕಾಗುತ್ತೆ, ಆದರೆ ತ್ರಿಕೋನ ದೊಡ್ಡದಾದಷ್ಟೂ ತಪ್ಪು ಚಿಕ್ಕದು. (ಯಜ್ಞವೇದಿಕೆಗೆ ಬೌಧಾಯನ ಶುಲ್ಬಸೂತ್ರ ಹೇಳುವುದೂ ಇಂಥದ್ದೇ ಹಗ್ಗದ ಲೆಕ್ಕ, ಶುಲ್ಬ ಅಂದರೇನೇ ಹಗ್ಗ.) ಬಟ್ಟೆ ಟೇಪು ಹಿಗ್ಗುತ್ತದೆ, ಸ್ಟೀಲ್ ಟೇಪೇ ಬೇಕು, ಅದನ್ನೂ ಜೋಲು ಬೀಳದ ಹಾಗೆ ಬಿಗಿಯಾಗಿ ಎಳೆಯಬೇಕು. ಹಿಂದಿನ ಎರಡೂ ಗೂಟ ಒಟ್ಟಿಗೆ ಎರಡೂವರೆ ಇಂಚು ಪಕ್ಕಕ್ಕೆ ಹೋದವು. ಕರ್ಣ 40, 40. ಮೇಸ್ತ್ರಿ ಏನೂ ಹೇಳಲಿಲ್ಲ, ಸುಣ್ಣದ ಪುಡಿ ತರಲು ಹುಡುಗನನ್ನು ಕಳಿಸಿದರು.

ಉಳಿದಿದ್ದು ಸೈಟಿನ ಓರೆ. ಅದನ್ನು ಎರಡೂ ಪಕ್ಕಕ್ಕೆ ಹಂಚಿದೆವು. ಎಡಗಡೆ ಸಂದು ಮುಂದೆ 3 ಅಡಿ 4 ಇಂಚು, ಹಿಂದೆ 2 ಅಡಿ 8 ಇಂಚು. ಬಲಗಡೆ ಇದರ ಉಲ್ಟಾ. ನೋಡಿದವರಿಗೆ ಗೊತ್ತಾಗುವುದಿಲ್ಲ, ಆದರೆ ಸೈಕಲ್ ತಳ್ಳಿಕೊಂಡು ಹಿತ್ತಲಿಗೆ ಹೋಗುವಾಗ ನಮ್ಮ ಮನೆಯವರೆಲ್ಲ ಹಿಂದಕ್ಕೆ ಅಗಲವಾಗುವ ಬಲಗಡೆಯಿಂದಲೇ ಹೋಗುತ್ತಾರೆ.