ರೊಟ್ಟಿ, ಮಡಕಿ ಕಾಳಿನ ಪಲ್ಯ, ಹಸಿ ಪಚಡಿ: ಮುಕ್ಕಾಲು ಗಂಟೆಯಲ್ಲಿ ರಾತ್ರಿ ಊಟ

ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಧಾರವಾಡದ ಮನೆ ಸೇರುವ ಹೊತ್ತಿಗೆ ಏಳೂವರೆ ಆಗಿರುತ್ತದೆ. ಹಸಿವು ಜೋರಾಗಿರುತ್ತದೆ. ಒಂದಿಷ್ಟು ಅನ್ನ, ಒಂದು ಸಾರು ಮಾಡಿ ಮುಗಿಸೋಣ ಅನ್ನಿಸುವುದು ಸಹಜ. ಈ ಹೊತ್ತಿನಲ್ಲಿ ರೊಟ್ಟಿ ಬಡಿಯುತ್ತ ಕೂರೋದು ಯಾರು, ಅಲ್ವಾ? ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಈಗ ರೊಟ್ಟಿ ಅಂಗಡಿಯಿಂದಲೇ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಂಚಿನಿಂದ ನೇರ ತಾಟಿಗೆ ಬೀಳುವ ಬಿಸಿ ರೊಟ್ಟಿಯ ರುಚಿಯೇ ಬೇರೆ. ಅದು ನಾವು ಅಂದುಕೊಂಡಷ್ಟು ಕಷ್ಟವೂ ಅಲ್ಲ.

ಈ ಊಟದ ಅರ್ಧ ಕೆಲಸ ನಮ್ಮದಲ್ಲ. ಕಾಳು ತಾನೇ ನೆನೆಯುತ್ತದೆ, ತಾನೇ ಮೊಳಕೆ ಒಡೆಯುತ್ತದೆ. ಹಿಟ್ಟನ್ನು ಬಿಸಿನೀರು ಹದ ಮಾಡುತ್ತದೆ. ನಾವು ಹೊತ್ತಿಗೆ ಸರಿಯಾಗಿ ಕೈ ಹಾಕಿದರೆ ಸಾಕು. ಇಲ್ಲಿ ಹೇಳುವ ಅಳತೆ ನಾಲ್ಕು ಜನಕ್ಕೆ.

ಹಿಂದಿನ ರಾತ್ರಿ

ಒಂದು ಕಪ್ ಮಡಕಿ ಕಾಳನ್ನು ಆರಿಸಿ, ತೊಳೆದು, ಮೂರು ಕಪ್ ನೀರಿನಲ್ಲಿ ನೆನೆಹಾಕಿ ಮಲಗಿ. ಬೆಳಿಗ್ಗೆ ನೀರು ಬಸಿದು, ಇನ್ನೊಮ್ಮೆ ತೊಳೆದು, ತೆಳುವಾದ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಬಟ್ಟೆ ಒದ್ದೆಯಾಗಿರಬೇಕು, ನೀರು ತೊಟ್ಟಿಕ್ಕಬಾರದು. ನೀರು ನಿಂತರೆ ಕಾಳು ಲೋಳೆಯಾಗಿ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಸಂಜೆ ನೀವು ಬರುವಷ್ಟರಲ್ಲಿ ಬಿಳಿ ಮೊಳಕೆ ಕಾಣುತ್ತದೆ. ಡಿಸೆಂಬರ್ ಚಳಿಯಲ್ಲಿ ಅದಕ್ಕೆ ಮರುದಿನ ಬೆಳಗಾಗಬಹುದು. ಹಾಗಾಗಿ ಚಳಿಗಾಲದಲ್ಲಿ ಒಂದು ದಿನ ಮೊದಲೇ ಶುರು ಮಾಡಿ, ಗಂಟನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಮೊಳಕೆ ಅಕ್ಕಿಕಾಳಿನಷ್ಟು ಉದ್ದ ಬಂದರೆ ಸಾಕು. ನೆನೆಯದೆ ಕಲ್ಲಿನಂತೆ ಉಳಿದ ಕಾಳು ಕಂಡರೆ ತೆಗೆದುಹಾಕಿ, ಅವು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಮೊಳಕೆ ಬರುವಾಗ ಕಾಳಿನೊಳಗಿನ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಕಬ್ಬಿಣದಂಥ ಖನಿಜಗಳನ್ನು ದೇಹಕ್ಕೆ ಸೇರಲು ಬಿಡದೆ ಹಿಡಿದಿಡುವುದು ಇದೇ. ವಿಟಮಿನ್ ಸಿ ಕೂಡ ಹೊಸದಾಗಿ ಹುಟ್ಟುತ್ತದೆ. ಆದರೆ ಒಂದು ಮಾತು. ಮೊಳಕೆ ಬರುವ ಅದೇ ಬೆಚ್ಚನೆಯ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಹಸಿ ಮೊಳಕೆ ತಿನ್ನುವುದು ಬೇಡ. ಬೇಯಿಸಿಯೇ ಕೊಡಿ.

ಸಂಜೆ: ಮೊದಲು ಪಲ್ಯ

ಮನೆಗೆ ಬಂದ ಕೂಡಲೇ ಪಲ್ಯ ಒಲೆಗೆ ಏರಿಸಿ. ಅದು ಬೇಯುವಷ್ಟರಲ್ಲಿ ಹಿಟ್ಟಿನ ಕೆಲಸ ಆಗುತ್ತದೆ.

ಬಾಣಲೆಗೆ ಎರಡು ಚಮಚ ಶೇಂಗಾ ಎಣ್ಣೆ. ಕುಸುಬಿ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು, ನಮ್ಮ ಕಡೆಯ ಹಳೆಯ ರುಚಿ ಅದರಲ್ಲಿದೆ. ಸಾಸಿವೆ, ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಕರಿಬೇವು ಹಾಕಿ. ಒಂದು ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಮೆತ್ತಗಾದ ಮೇಲೆ ಅರಿಶಿನ ಮತ್ತು ಮೊಳಕೆ ಕಾಳು ಸೇರಿಸಿ. ಮುಕ್ಕಾಲು ಕಪ್ ಬಿಸಿನೀರು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ. ಕುಕ್ಕರಿಗೆ ಮಾತ್ರ ಹಾಕಬೇಡಿ. ಮೊಳಕೆ ಬಂದ ಕಾಳು ಬೇಗ ಬೇಯುತ್ತದೆ, ಸೀಟಿ ಹೊಡೆಯುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಮೆತ್ತಗಿರಬೇಕು, ಸಿಪ್ಪೆ ಒಡೆದಿರಬಾರದು. ಹದ ಅದೇ.

ಹುಣಸೆ ರಸ ಹಾಕುವುದು ಕಾಳು ಬೆಂದ ಮೇಲೆಯೇ. ಮೊದಲೇ ಹುಳಿ ಬಿದ್ದರೆ ಕಾಳು ಬೇಯಲು ಹಟ ಮಾಡುತ್ತದೆ. ಎರಡು ಚಮಚ ಹುಣಸೆ ರಸ, ಅಡಕೆಯಷ್ಟು ಬೆಲ್ಲ, ಉಪ್ಪು, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಮಸಾಲಿ ಖಾರ ಹಾಕಿ ಎರಡು ನಿಮಿಷ ಕುದಿಸಿ. ಕೊನೆಗೆ ಹುರಿದು ಪುಡಿ ಮಾಡಿದ ಗುರೆಳ್ಳು (ಹುಚ್ಚೆಳ್ಳು) ಒಂದು ದೊಡ್ಡ ಚಮಚ. ನೀರು ನೀರಾಗಿದ್ದ ಪಲ್ಯ ಅದರಿಂದ ಗಟ್ಟಿಯಾಗಿ ಕಾಳಿಗೆ ಹಿಡಿದುಕೊಳ್ಳುತ್ತದೆ.

ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಎಣ್ಣೆ ಸುರಿಯದೆಯೂ ಪಲ್ಯ ಕೆಂಪಗೆ ಕಾಣುವುದು ಇದರಿಂದಲೇ. ಇಡೀ ಕಾಯಿ ತಂದು, ಬಿಸಿಲಿಗೆ ಒಣಗಿಸಿ, ಗಿರಣಿಯಲ್ಲಿ ಬೀಸಿಸಿ ಇಟ್ಟುಕೊಂಡರೆ ತಿಂಗಳುಗಟ್ಟಲೆ ನಿಶ್ಚಿಂತೆ.

ರೊಟ್ಟಿ: ಎಲ್ಲ ಇರುವುದು ಎಸರಿನಲ್ಲಿ

ಮದುವೆಯಾದ ಹೊಸತರಲ್ಲಿ ನನ್ನ ರೊಟ್ಟಿಯ ಅಂಚೆಲ್ಲ ಸೀಳುತ್ತಿತ್ತು. ಬಡಿಯುವ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ನಮ್ಮ ಅತ್ತೆಯವರು ಗದಗ ಕಡೆಯವರು. ಒಂದು ದಿನ ಪಕ್ಕದಲ್ಲಿ ಬಂದು ನಿಂತು, ಪಾತ್ರೆಯಲ್ಲಿದ್ದ ನೀರನ್ನು ನೋಡಿದರು. “ಬೆಚ್ಚಗಾದ್ರ ಸಾಲಂಗಿಲ್ಲವ್ವಾ, ಕೊತ ಕೊತ ಕುದೀಬೇಕು” ಅಂದರು. ತಪ್ಪು ಕೈಯಲ್ಲಿರಲಿಲ್ಲ, ನೀರಿನಲ್ಲಿತ್ತು.

ಗೋಧಿ ಹಿಟ್ಟಿಗೆ ತನ್ನದೇ ಅಂಟು ಇದೆ, ಅದು ಗ್ಲುಟೆನ್. ಜೋಳದಲ್ಲಿ ಅದು ಇಲ್ಲ. ಕುದಿಯುವ ನೀರು ಬಿದ್ದಾಗ ಜೋಳದ ಪಿಷ್ಟ ಉಬ್ಬಿ ಜಿಗುಟಾಗುತ್ತದೆ. ರೊಟ್ಟಿಯನ್ನು ಹಿಡಿದು ನಿಲ್ಲಿಸುವುದು ಅದೇ ಜಿಗುಟು. ಹಿಟ್ಟು ಹಳೆಯದಾದಷ್ಟೂ ಈ ಜಿಗುಟು ಕಡಿಮೆಯಾಗುತ್ತದೆ. ಹಾಗಾಗಿ ಒಂದೇ ಸಲ ಐದು ಕಿಲೋ ಬೀಸಿಸಬೇಡಿ, ಹದಿನೈದು ದಿನಕ್ಕೆ ಆಗುವಷ್ಟು ಸಾಕು. ಜೋಳ ಕೊಳ್ಳುವಾಗ ಹಿಂಗಾರಿನ ಬಿಳಿಜೋಳ ಕೇಳಿ. ಎರೆಭೂಮಿಯಲ್ಲಿ ಬೆಳೆದ ಮಾಲದಂಡಿ ಜೋಳ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಅದರ ರೊಟ್ಟಿ ಬೆಳ್ಳಗೆ, ಸಿಹಿಯಾಗಿ, ಆರಿದ ಮೇಲೂ ಮೆತ್ತಗಿರುತ್ತದೆ.

ಎಂಟು ರೊಟ್ಟಿಗೆ ಎರಡೂವರೆ ಕಪ್ ಹಿಟ್ಟು ಬೇಕು. ಪಾತ್ರೆಯಲ್ಲಿ ಎರಡು ಕಪ್ ನೀರು, ಚಿಟಿಕೆ ಉಪ್ಪು ಹಾಕಿ ಎಸರಿಡಿ. ಪರಾತದಲ್ಲಿ ಎರಡು ಕಪ್ ಹಿಟ್ಟು ಹಾಕಿ ನಡುವೆ ಗುಂಡಿ ಮಾಡಿ. ಉಳಿದ ಅರ್ಧ ಕಪ್ ಬಡಿಯುವಾಗ ಉದುರಿಸಲು ಇರಲಿ. ಎಸರು ಕುದಿಯುತ್ತಿರುವಾಗಲೇ ಒಂದೂವರೆ ಕಪ್‌ನಷ್ಟು ಸುರಿದು, ಚಮಚದಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗ ನಾದಲು ಶುರು ಮಾಡಿ. ಎಲ್ಲವನ್ನೂ ಒಮ್ಮೆಗೇ ಗಟ್ಟಿಯಾಗಿ ನಾದುವುದು ಬೇಡ. ಒಂದು ರೊಟ್ಟಿಗೆ ಆಗುವಷ್ಟು ಮುರಿದುಕೊಂಡು, ಬೇಕಾದರೆ ಉಳಿದ ನೀರನ್ನು ಚಿಮುಕಿಸಿ, ಅಂಗೈ ಬುಡದಿಂದ ಒತ್ತಿ ಒತ್ತಿ ಒಂದೆರಡು ನಿಮಿಷ ನಾದಿ. ಉಂಡೆಯನ್ನು ಸ್ವಲ್ಪ ಅದುಮಿ ನೋಡಿ. ಅಂಚು ಬಿರುಕು ಬಿಟ್ಟರೆ ಇನ್ನೂ ನಾದಬೇಕು. ನುಣ್ಣಗೆ ನಿಂತರೆ ಬಡಿಯಬಹುದು.

ಕೆಳಗೆ ಒಣಹಿಟ್ಟು ಉದುರಿಸಿ, ಉಂಡೆ ಇಟ್ಟು, ಒಂದು ಕೈಯಲ್ಲಿ ಬಡಿಯುತ್ತ ಇನ್ನೊಂದು ಕೈಯಿಂದ ಅಂಚು ಕಾಯುತ್ತ ತಿರುಗಿಸಿ. ಬಡಿಯಲು ಬಾರದಿದ್ದರೆ ಲಟ್ಟಣಿಗೆಯಿಂದ ಲಟ್ಟಿಸಿ, ಏನೂ ತೊಂದರೆಯಿಲ್ಲ. ಎಸರು ಸರಿಯಾಗಿದ್ದರೆ ಈ ಹಿಟ್ಟು ಲಟ್ಟಣಿಗೆಗೂ ಬಗ್ಗುತ್ತದೆ.

ಹಂಚು ಚೆನ್ನಾಗಿ ಕಾದಿರಬೇಕು. ಒಣಹಿಟ್ಟು ಅಂಟಿದ ಬದಿ ಮೇಲೆ ಬರುವಂತೆ ಹಾಕಿ, ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ. ಇಲ್ಲಿ ಕಣ್ಣು ಬೇರೆಡೆ ಹೋಗಬಾರದು. ನೀರಿನ ಹೊಳಪು ಆರುತ್ತ ಬಂದಾಗ, ಆದರೆ ಪೂರ್ತಿ ಒಣಗುವ ಮೊದಲು ಮಗುಚಬೇಕು. ತಡವಾದರೆ ರೊಟ್ಟಿ ಸೀಳುತ್ತದೆ, ಉಬ್ಬುವುದಿಲ್ಲ. ಆ ಬದಿ ಬೆಂದ ಮೇಲೆ ತೆಗೆದು, ಮೊದಲ ಬದಿಯನ್ನು ನೇರ ಉರಿಗೆ ಹಿಡಿಯಿರಿ. ನಡುವಿನಿಂದ ಹಬೆ ಎದ್ದು ರೊಟ್ಟಿ ಪೂರಿಯಂತೆ ಉಬ್ಬಿದರೆ ಒಳಗೂ ಬೆಂದಿದೆ ಅಂತ ಅರ್ಥ.

ಪಚಡಿ, ಹಿಂಡಿ

ಪಚಡಿಗೆ ಎಳೆ ಮೆಂತ್ಯ ಅಥವಾ ಮೂಲಂಗಿ ಎಲೆ ಒಂದು ಸೂಡು. ನಮ್ಮ ಕಡೆ ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು ಸಿಕ್ಕ ದಿನ ಅದೇ ಆಗಲಿ. ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಸೊಪ್ಪನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ನೀರು ಬಗ್ಗಿಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿಗೇ ಬರುತ್ತದೆ. ಮೂರು ನೀರು ಬೇಕೇ ಬೇಕು. ಸಣ್ಣಗೆ ಹೆಚ್ಚಿ, ಸೌತೆಕಾಯಿ, ಉಳ್ಳಾಗಡ್ಡಿ, ಎರಡು ಚಮಚ ಶೇಂಗಾ ಪುಡಿ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ ಸೇರಿಸಿ. ಸೊಪ್ಪಿನ, ಕಾಳಿನ ಕಬ್ಬಿಣ ಮೈಗೆ ಹತ್ತಲು ನಿಂಬೆ ನೆರವಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ಉಲ್ಟಾ ಆಗುತ್ತದೆ, ಒಂದು ತಾಸು ಬಿಡಿ.

ಅಗಸಿ ಹಿಂಡಿ, ಅಂದರೆ ಅಗಸಿಯ ಒಣ ಚಟ್ನಿಪುಡಿ, ಭಾನುವಾರದ ಕೆಲಸ. ಒಂದು ಕಪ್ ಅಗಸಿಯನ್ನು ಚಟಪಟ ಅನ್ನುವವರೆಗೆ ಹುರಿದು, ಆರಿಸಿ, ಎಂಟು ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆ ಹಾಕಿ ತರಿತರಿಯಾಗಿ ಕುಟ್ಟಿ. ಇಡೀ ಅಗಸಿ ಹಾಗೇ ತಿಂದರೆ ಜೀರ್ಣವಾಗದೆ ಹೊರಗೆ ಹೋಗುತ್ತದೆ. ಪುಡಿಯಾದರೇ ಅದರ ಒಮೆಗಾ-3 ಕೊಬ್ಬು ನಮಗೆ ಸಿಗುವುದು. ಆದರೆ ಪುಡಿ ಬೇಗ ಕಮಟುತ್ತದೆ, ಎರಡು ವಾರಕ್ಕಾಗುವಷ್ಟೇ ಮಾಡಿ.

ತಾಟಿನಲ್ಲಿ ಏನಿದೆ?

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ನಾರು ಇದೆ. 100 ಗ್ರಾಂ ಒಣ ಮಡಕಿ ಕಾಳಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್. ಜೋಳದ ಪ್ರೋಟೀನಿನಲ್ಲಿ ದೇಹಕ್ಕೆ ಬೇಕೇ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಬೇಕಾದಷ್ಟಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹೊಲದ ಊಟ ಎಷ್ಟು ವಿಚಾರವಂತ ಊಟ ಅಂತ ನನಗೆ ಹೆಮ್ಮೆ ಇದೆ. ಹಾಗಂತ ಸಕ್ಕರೆ ಕಾಯಿಲೆ ಇರುವವರು ಜೋಳ ಅಂದ ಮಾತ್ರಕ್ಕೆ ಐದಾರು ರೊಟ್ಟಿ ತಿನ್ನಬಾರದು. ಎರಡು ರೊಟ್ಟಿ, ಪಲ್ಯ ಜಾಸ್ತಿ, ಹೀಗಿರಲಿ. ಗೋಧಿ ಆಗಿಬರದವರು ಗಿರಣಿಯಲ್ಲಿ ಕೇಳಿ ನೋಡಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಆ ಹಿಟ್ಟು ಇದಕ್ಕೂ ಸೇರುತ್ತದೆ.

ಕಾಳು ನೆನೆಹಾಕಲು ಮರೆತ ದಿನ ಝುಣಕ ಮಾಡಿ. ಒಂದು ಕಪ್ ಕಡಲೆ ಹಿಟ್ಟನ್ನು ಎರಡೂವರೆ ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳ್ಳಾಗಡ್ಡಿ ಒಗ್ಗರಣೆಗೆ ಸುರಿದು ಕೈಯಾಡಿಸಿದರೆ ಕಾಲು ಗಂಟೆಯಲ್ಲಿ ಆಗುತ್ತದೆ.

ರೊಟ್ಟಿ ಉಳಿದರೆ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೆವೆತು ಹಾಳಾಗುತ್ತದೆ. ಸಣ್ಣ ಉರಿಯ ಹಂಚಿನ ಮೇಲಿಟ್ಟು, ಬಟ್ಟೆಯಿಂದ ಒತ್ತುತ್ತ ಎರಡೂ ಬದಿ ಗರಿಗರಿ ಮಾಡಿ. ಕಡಕ್ ರೊಟ್ಟಿ ವಾರವಾದರೂ ಕೆಡುವುದಿಲ್ಲ. ಬೆಳಿಗ್ಗೆ ಅದನ್ನು ಮುರಿದು ಮೊಸರು, ಅಗಸಿ ಹಿಂಡಿ ಹಾಕಿ ಕೊಟ್ಟರೆ ನಮ್ಮ ಮಕ್ಕಳು ಶಾಲೆಯ ಅವಸರದಲ್ಲೂ ಬಟ್ಟಲು ಖಾಲಿ ಮಾಡಿಯೇ ಏಳುತ್ತಾರೆ.