ಬರೆ ಪಕ್ಕದ ಮನೆಗೆ ಕೈತೋಟ: ನನ್ನ ಅನುಭವ

ಮಡಿಕೇರಿ ಪೇಟೆಯಿಂದ ಸ್ವಲ್ಪ ಆಚೆ, ಇಳಿಜಾರಿನಲ್ಲಿ ನಮ್ಮದು 18 ಸೆಂಟ್ ಜಾಗ. ಮನೆ ಕಟ್ಟುವಾಗ ಎಲ್ಲರ ಹಾಗೆ ನಾವೂ ಜೆಸಿಬಿ ತರಿಸಿ ಗುಡ್ಡ ಕಡಿಸಿದೆವು. ಮನೆ ಹಿಂದೆ ಎರಡಾಳೆತ್ತರದ ಬರೆ, ಅಂದರೆ ಗುಡ್ಡ ಕಡಿದ ಮೇಲೆ ಉಳಿಯುವ ಮಣ್ಣಿನ ಗೋಡೆ, ನೆಟ್ಟಗೆ ನಿಂತಿತು. ಆ ಮಣ್ಣನ್ನೇ ಮುಂದೆ ತುಂಬಿಸಿ ಅಂಗಳ ಮಟ್ಟ ಮಾಡಿಸಿದೆವು. ಅಂಚಿಗೆ ಕಾಂಕ್ರೀಟ್ ತಡೆಗೋಡೆ, ಒಳಗೆ ಕಾರ್ಪೆಟ್ ಹುಲ್ಲು. ನೋಡಲು ಥೇಟ್ ರೆಸಾರ್ಟ್.

ಎರಡನೇ ವರ್ಷದ ಜುಲೈಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಗೋಡೆ ನಡುವಿನಲ್ಲಿ ಹೊಟ್ಟೆ ಬಂದ ಹಾಗೆ ಉಬ್ಬಿದೆ. ಬಿರುಕಿನಿಂದ ಕೆಂಪು ನೀರು ಜಿನುಗುತ್ತಿದೆ. ಅತ್ತೆ ಕೊಡೆ ಹಿಡಿದು ಬಂದು ಆ ಕಡೆ ಈ ಕಡೆ ನೋಡಿ, "ಗೋಡೆಗೆ ಒಂದು ತೂತೂ ಇಲ್ಲವಲ್ಲ ಮಗಾ, ಹಿಂದಿನ ನೀರು ಎಲ್ಲಿಗೆ ಹೋಗ್ಬೇಕು?" ಅಂದರು. ಮೇಸ್ತ್ರಿಗೂ, ನನಗೂ, ಯಜಮಾನರಿಗೂ ಹೊಳೆಯದ ಮಾತು ಅದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಇಳಿದದ್ದನ್ನು ನೋಡಿದವರು ನಾವು. ಬರೆಯ ಹೆದರಿಕೆಗೆ ಆ ವಾರ ಹಿಂದಿನ ಕೋಣೆಯಲ್ಲಿ ಯಾರೂ ಮಲಗಲಿಲ್ಲ.

ಮೊದಲು ನೀರಿನ ಲೆಕ್ಕ ಹಾಕಿದೆ. ನಮ್ಮ ಸೂರು 1,200 ಚದರಡಿ. ಒಂದು ಇಂಚು ಮಳೆ ಬಂದರೆ ಅದರಿಂದ ಇಳಿಯುವ ನೀರು ಸುಮಾರು 2,800 ಲೀಟರ್. ಆರು ಇಂಚು ಸುರಿದ ದಿನ ಹದಿನೇಳು ಸಾವಿರ ಲೀಟರ್ ಹತ್ತಿರ. ಇಷ್ಟನ್ನೂ ನಾವು ಸುಮ್ನೆ ಹೊಸದಾಗಿ ತುಂಬಿಸಿದ ಮಣ್ಣಿನ ಮೇಲೆ ಬಿಡುತ್ತಿದ್ದೆವು! ಬೆಂಗಳೂರಿನ ಭಾವನ ಮಾತು ಕೇಳಿ ಬರೆಯ ನೆತ್ತಿಯಲ್ಲಿ ಎರಡು ಇಂಗುಗುಂಡಿ ಬೇರೆ ತೋಡಿಸಿದ್ದೆ. ಬಯಲುಸೀಮೆಗೆ ಅದು ಒಳ್ಳೆಯದೇ. ಇಲ್ಲಿ ಕಡಿದ ಬರೆಯ ಮೇಲೆ ನೀರು ಇಂಗಿಸಿದರೆ ಮಣ್ಣಿನ ಭಾರ ಜಾಸ್ತಿಯಾಗುತ್ತದೆ, ಒಳಗೆ ತುಂಬಿದ ನೀರು ಮಣ್ಣಿನ ಹಿಡಿತವನ್ನೂ ಸಡಿಲ ಮಾಡುತ್ತದೆ. ಕಾಫಿ ತೋಟದಲ್ಲಿ ನೀರು ಇಂಗಲು ತೊಟ್ಟಿಲು ಗುಂಡಿ ತೆಗೆಯುವುದಿಲ್ಲವಾ ಎಂದು ನೀವು ಕೇಳಬಹುದು. ಅಲ್ಲಿ ನೆಲ ಕಡಿದಿರುವುದಿಲ್ಲ, ಬೇರು ಹೆಣೆದುಕೊಂಡಿರುತ್ತದೆ. ಮನೆ ಹಿಂದಿನ ಬೋಳು ಬರೆಯ ಕಥೆಯೇ ಬೇರೆ. ಗುಂಡಿ ಎರಡನ್ನೂ ಮುಚ್ಚಿಸಿದೆ.

ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನಲ್ಲಿ ಕೆಲಸ ಶುರು. ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿದೆವು. ಎತ್ತರದ ಬರೆ ಇದ್ದವರು ಈ ಖರ್ಚು ಉಳಿಸಬೇಡಿ. ಬರೆಯ ನೆತ್ತಿ ಸವರಿ ಓರೆ ಮಾಡಿಸಿದೆವು. ಅದರ ಮೇಲ್ಗಡೆ ಅಡ್ಡಲಾಗಿ ಸಿಮೆಂಟ್ ಚರಂಡಿ ಹಾಕಿ, ಮೇಲಿಂದ ಬರುವ ನೀರನ್ನು ಪಕ್ಕದ ತೋಡಿಗೆ (ಸಣ್ಣ ಹಳ್ಳಕ್ಕೆ) ತಿರುಗಿಸಿದೆವು. ಸೂರಿನ ನೀರು ಪೈಪಿನಲ್ಲಿ ಎರಡು ಟ್ಯಾಂಕಿಗೆ, ತುಂಬಿದ ಮೇಲೆ ಅದೂ ತೋಡಿಗೆ. ಉಬ್ಬಿದ ಗೋಡೆಯನ್ನು ಮುಕ್ಕಾಲು ಭಾಗ ಒಡೆಸಿ, ಆ ಜಾಗದಲ್ಲಿ ಸೊಂಟದೆತ್ತರದ ಎರಡು ಮೆಟ್ಟಿಲಾಗಿ ಕಾಡುಕಲ್ಲಿನ ಕಟ್ಟಣೆ ಕಟ್ಟಿಸಿದೆವು. ಸಿಮೆಂಟಿಲ್ಲ. ಕಟ್ಟಣೆ ಮಣ್ಣಿನ ಕಡೆಗೆ ಚೂರು ವಾಲಿದೆ, ಹಿಂದೆ ಜಲ್ಲಿ ತುಂಬಿದೆ. ಮಳೆಗಾಲದಲ್ಲಿ ಕಲ್ಲುಕಲ್ಲಿನ ಸಂದಿಯಿಂದ ನೀರು ಸೋರುತ್ತದೆ. ಈಗ ಅದನ್ನು ನೋಡಿದರೆ ನನಗೆ ನೆಮ್ಮದಿ.

ಗಿಡದ ಕೆಲಸದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಲಾವಂಚದ ಹುಲ್ಲು. ಮೇ ಕೊನೆಯಲ್ಲಿ ಎರಡು ಮಳೆ ಬಿದ್ದ ಮೇಲೆ ನೆಟ್ಟೆವು. ಬುಡ ಒಡೆದು ಎರಡು ಮೂರು ಕಂದು (ಮರಿ) ಸೇರಿಸಿ ಒಂದು ಸಸಿ. ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಬೇಕು. ಸಾಲು ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಹೋಗಬೇಕು, ಕಣ್ಣಂದಾಜು ಸಾಲದು. ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಮಗಳು ಹಿಡಿದಳು. ಎರಡೂ ಕಡೆ ನೀರು ಸಮಕ್ಕೆ ನಿಂತಲ್ಲಿ ಗೂಟ ಹೊಡೆದೆವು. ಸಸಿಯಿಂದ ಸಸಿಗೆ ಒಂದು ಅಂಗೈ ಅಗಲ ಅಷ್ಟೆ. ಸಸಿ ಕಡಿಮೆ ಬಿತ್ತೆಂದು ಒಂದು ಕಡೆ ಎರಡಡಿ ಖಾಲಿ ಬಿಟ್ಟಿದ್ದೆ. ಜೂನ್‌ನಲ್ಲಿ ನೀರು ಅದೇ ಜಾಗ ಹುಡುಕಿಕೊಂಡು ಬಂದು ಮೊಣಕಾಲುದ್ದದ ಕೊರಕಲು ತೋಡಿತು. ಮರುವರ್ಷಕ್ಕೆ ಒಂದು ಬುಡ ಕೀಳಲು ಹೋದೆ, ಬರಲಿಲ್ಲ. ಬೇರು ನೆಟ್ಟಗೆ ಕೆಳಕ್ಕಿಳಿಯುತ್ತದೆ, ಆಳೆತ್ತರಕ್ಕಿಂತ ಆಳಕ್ಕೂ ಹೋಗಬಲ್ಲದು. ಹಾಗೆಂದು ಅದನ್ನೇ ನಂಬಿ ಕೂರುವುದಲ್ಲ. ಲಾವಂಚ ಹಿಡಿಯುವುದು ಮೇಲಿನ ಮಣ್ಣನ್ನು. ಗುಡ್ಡವೇ ಜಾರಿದರೆ ಅದೂ ಜೊತೆಗೆ ಇಳಿಯುತ್ತದೆ.

ಬರೆಯಂಚಿಗೆ ಸಿಲ್ವರ್ ಓಕ್ ನೆಡಬೇಡಿ. ಗಾಳಿಗೆ ಅಲ್ಲಾಡಿ ಬುಡ ಸಡಿಲವಾಗುತ್ತದೆ. ಅಲ್ಲಿ ನಾನು ಹಾಕಿದ್ದು ದಾಸವಾಳ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ). ಮಳೆ ಹಿಡಿಯುವ ಮುಂಚೆ ಮನೆ ಸುತ್ತ ಕೆಂಪು ಮಣ್ಣು ಕಾಣುವ ತನಕ ಕೆರೆದು 'ಕ್ಲೀನ್' ಮಾಡುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ನಿಲ್ಲಿಸಿದ್ದೇವೆ. ಹುಲ್ಲನ್ನು ಕತ್ತಿಯಲ್ಲಿ ಸವರುತ್ತೇವೆ, ಬೇರು ಅಲ್ಲೇ ಇರಲಿ.

ಕಾರ್ಪೆಟ್ ಹುಲ್ಲು ಹೋಯಿತು. ಮಳೆಗಾಲದಲ್ಲಿ ಅದು ಪಾಚಿಗೆ, ಜಿಗಣೆಗೆ ಮನೆಯಾಗಿತ್ತು. ಬೇಸಿಗೆಯಲ್ಲಿ ದಿನಾ ನೀರು ಬೇರೆ. ಈಗ ಹಾಸುಗಲ್ಲು, ನಡುವೆ ತಾನಾಗಿ ಬಂದ ಗರಿಕೆ. ನೀರು ಹೊರಗೆ ಬೀಳುವ ಕಡೆ ಕೆಸು ನೆಟ್ಟಿದ್ದೇನೆ, ಪತ್ರೊಡೆಗೆ ಎಲೆ ಅಲ್ಲಿಂದಲೇ. ನೆರಳಿರುವ ಕಡೆ ಮದ್ದು ಸೊಪ್ಪು. ಕೊಡಗಿನಲ್ಲಿ ಅದರ ಪಾಯಸ ಮಾಡುವ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಅಕ್ಕಪಕ್ಕದವರೆಲ್ಲ ಕೊಯ್ಯಲು ಬರುತ್ತಾರೆ. ಶೋಕಿಗೆ ಅಂತ ಇರುವುದು ಹೈಡ್ರೇಂಜಿಯಾ ಒಂದೇ. ಗುಲಾಬಿ ಬಣ್ಣದ್ದು ಅಂತ ತಂದೆ, ಮರುವರ್ಷ ನೀಲಿ ಬಿಟ್ಟಿತು. ನರ್ಸರಿಯವನಿಗೆ ಬೈದಿದ್ದೂ ಆಯಿತು. ಆಮೇಲೆ ಗೊತ್ತಾಯಿತು, ನಮ್ಮ ಮಣ್ಣಿನ ಹುಳಿಗೆ ಅದು ನೀಲಿಯಾಗುತ್ತದಂತೆ.

ಟ್ಯಾಂಕಿನ ನೀರು ಮಾರ್ಚ್ ಮುಗಿಯುವ ಮುಂಚೆಯೇ ಖಾಲಿಯಾಗುತ್ತದೆ. ತರಗೆಲೆ, ಸವರಿದ ಲಾವಂಚ, ಕಾಫಿ ಸಿಪ್ಪೆ ಎಲ್ಲ ಬುಡಕ್ಕೆ ಹಾಸಿ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ, ಕಾಯುತ್ತೇವೆ. ಎಳೆ ಕಿತ್ತಳೆ ಗಿಡ ಎರಡಕ್ಕೆ ಮಾತ್ರ ಪಾತ್ರೆ ತೊಳೆದ ನೀರು.

ಹಳೆ ಗೋಡೆಯ ಒಂದು ತುಂಡು ಇನ್ನೂ ಹಾಗೇ ಇದೆ. ದುಡ್ಡು ಸಾಲದೆ ಬಿಟ್ಟದ್ದು. ತೂತು ಕೊರೆಸಿದ್ದೇವೆ. ಪ್ರತಿ ಜೂನ್ ಒಂದಕ್ಕೆ ಅದರ ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗೀರು ಹಾಕಿ ತಾರೀಕು ಬರೆಯುತ್ತೇನೆ. ಕಳೆದ ವರ್ಷದ ಗೀರು ಒಂದು ನೂಲು ಸರಿದಿದೆ. ಈ ಬೇಸಿಗೆಯಲ್ಲಿ ಅದನ್ನೂ ಒಡೆಸಬೇಕು.